ಜಾಗಟೆಗಲ್ಲ, ಮಾತಿಗೆ ಬೇಕಾದ ಕಿವಿ

ಮರ್ಸಿನಿಯ ಗಂಟಲು ಒಣಗಿಹೋಗಿತ್ತು. ಊಟಕ್ಕೆ ಬನ್ನಿ ಎಂದು ಗಂಡನನ್ನು ಕೂಗಿದ ಕೂಗಿಗೆ ಪಕ್ಕದ ಮನೆಯವರು ಓಡಿಬಂದು ಏನಾಯ್ತೆಂದು ಕೇಳಿ ಹೋದರು. ಗಂಡ ಮಾತ್ರ ಬರಲಿಲ್ಲ.

ಸುಕಿರ್ ಜಾವಾದ ಸೋಲೊ ಸೀಮೆಯಲ್ಲೆಲ್ಲ ಹೆಸರಾದ, ಜಾಗಟೆ ಮಾಡುವ ಕಂಚುಗಾರ. ಕಂಚು ಬಡಿದು ಬಡಿದು ಅವನ ಕಿವಿ ಮಂದವಾಗಿತ್ತು. ಕೇಳಿಸದಿದ್ದರೆ ಕೇಳಿಸಲಿಲ್ಲ ಅನ್ನಬಾರದೇ? ಊಹೂಂ. ನಗುನಗುತ್ತಾ ತಲೆಯಾಡಿಸಿ "ಆಗ್ಲಿ, ಆಗ್ಲಿ" ಅಂದುಬಿಡುತ್ತಿದ್ದ. ಎದುರಿಗಿದ್ದವರಿಗೆ ಇಲ್ಲ ಅನ್ನುವುದು ಜಾವಾದವರ ಬಾಯಿಗೆ ಮೊದಲೇ ಬಾರದು. ಹಾಗಾಗಿ ಅವನನ್ನು ಕಿವುಡನೆನ್ನದೆ, ಎಂಥ ವಿನಯವಂತ ಎಂದು ಎಲ್ಲರೂ ಹೊಗಳುತ್ತಿದ್ದರು.

ಆ ವಿನಯವೇ ಈಗ ಮಗಳ ಮದುವೆಗೆ ಕಲ್ಲು ಹಾಕಿತ್ತು. ಲಾರಸ್‌ಳನ್ನು ಕೇಳಿ ಬಂದ ಬೀಗರು ಸುಮಾತ್ರಾದ ಕಡೆಯವರು, ಸೋಲೊದಲ್ಲಿ ಹೋಟೆಲ್ ಇಟ್ಟವರು. "ಹುಡುಗನಿಗೆ ರಜೆ ಸಿಗೋದೇ ಸುರೊ ತಿಂಗಳಲ್ಲಿ. ಆಗಲೇ ಮದುವೆ ಇಟ್ಕೊಳ್ಳೋಣ್ವೇ?" ಎಂದು ಮೆಲ್ಲಗೆ ಕೇಳಿದರು. ಮರ್ಸಿನಿ ಒಳಗೆ ಚಹಾ ಸೋಸುತ್ತಿದ್ದಳು. ಸುಕಿರ್ "ಆಗ್ಲಿ, ಆಗ್ಲಿ" ಎಂದ.

ಸುರೊದಲ್ಲಿ ಮದುವೆ! ಜಾವಾದವರಿಗೆ ಅದು ಶುಭಕಾರ್ಯಕ್ಕೆ ಆಗದ ತಿಂಗಳು, ಸುಮಾತ್ರಾದವರಿಗೆ ಆ ಕಟ್ಟಿಲ್ಲ. ಆ ತಿಂಗಳು ಅವರ ಊರಲ್ಲಿ ಯಾರೂ ಹೊಸ ಒಲೆ ಕೂಡ ಹೂಡುವುದಿಲ್ಲ. ಚಪ್ಪರಕ್ಕೆ ಒಬ್ಬ ನಂಟನೂ ಕಾಲಿಡುವುದಿಲ್ಲ. ಲಾರಸ್ ಅತ್ತೂ ಅತ್ತೂ ಅಪ್ಪನ ಕಿವಿಗೆ ಬಾಯಿಟ್ಟು ಕೂಗಿದಳು: "ಮಾತು ಕೊಟ್ಟವರು ನೀವು. ಅವರ ಮನೆಗೆ ಹೋಗಿ ನೀವೇ ಸರಿಮಾಡ್ಬೇಕು. ಅಲ್ಲೂ ತಲೆ ಆಡಿಸಿ ಬಂದ್ರೆ ನಂಗೆ ಮದುವೇನೇ ಬೇಡ!"

ಮರುದಿನ ಊರಿನ ಮಕ್ಕಳ ತೂಕ ನೋಡಲು ಬಂದ ಆರೋಗ್ಯ ಕಾರ್ಯಕರ್ತೆ ತಿತಿಕ್ ಮುಂದೆ ಮರ್ಸಿನಿ ಗೋಳು ತೋಡಿಕೊಂಡಳು.

"ಕಿವಿಗೆ ಮಿಷನ್ ಹಾಕ್ಸಿ, ಅಕ್ಕಾ."

"ಹಾಕ್ಸಿದ್ದಾಯ್ತು ಕಣೆ! ಫೋನಲ್ಲಿ ಒಬ್ಬಳು ಕುಣ್ಕೊಂಡು ಮಾರ್ತಿದ್ಲು, ತರಿಸಿದ್ವಿ. ಕೋಳಿ ಕೂಗಿದ್ರೆ ಮನುಷ್ಯ ಮಂಚದಿಂದ ಬಿದ್ದ. ಈಗ ಸೂಜಿದಾರದ ಡಬ್ಬಿಯಲ್ಲಿದೆ."

"ಅದು ಎಲ್ಲಾ ಸದ್ದೂ ಒಟ್ಟಿಗೆ ಜೋರು ಮಾಡುತ್ತೆ ಅಷ್ಟೆ. ಯಾರ ಕಿವಿ ಹೇಗೆ ಕೆಟ್ಟಿದೆ ಅಂತ ಅದಕ್ಕೇನು ಗೊತ್ತು? ಮೊದಲು ಪರೀಕ್ಷೆ ಆಗ್ಬೇಕು."

"ಪೇಟೇಲಿ ವಿಚಾರಿಸಿದ್ದೂ ಆಯ್ತು. ಎಮ್ಮೆ ಮಾರಿದ್ರೂ ಸಾಲದು. ಅದೂ ಅಷ್ಟೂ ಒಂದೇ ಸಲ ಎಣಿಸ್ಬೇಕಂತೆ!"

"ಅದು ಹಳೇ ವ್ಯಾಪಾರ. ಈಗ ಡಾಕ್ಟರ್ ಚೀಟಿ ಇದ್ರೆ ಸರ್ಕಾರಿ ವಿಮೆಯಿಂದ ಒಂದಿಷ್ಟು ಬರುತ್ತೆ. ಉಳಿದದ್ದಕ್ಕೆ ತಿಂಗಳ ಕಂತು. ಕೆಲವು ಅಂಗಡಿಯವರು ಮೊದಲು ಮನೆಗೆ ಕೊಟ್ಟು ಕಳಿಸ್ತಾರೆ. ಹಾಕಿ ನೋಡಿ, ಹಿಡಿಸದಿದ್ರೆ ವಾಪಸ್."

ಮರ್ಸಿನಿಗೆ ನಂಬಿಕೆ ಬರಲಿಲ್ಲ. ಆದರೂ ಗಂಡನನ್ನು ಎಳೆದುಕೊಂಡು ಹೋದಳು. ಡಾಕ್ಟರು ಕಿವಿ ನೋಡಿದರು, ಪರೀಕ್ಷೆಯಾಯಿತು. ಅವನ ಕಿವಿಗೆ ಹೊಂದಿಸಿದ ಮಿಷನ್, ಹಾಕಿ ನೋಡಲೆಂದು, ಮನೆಗೆ ಬಂತು.

ಸುಕಿರ್ ಅದನ್ನು ಹಾಕಿಕೊಂಡು ನೆಟ್ಟಗೆ ಕುಲುಮೆಗೆ ಹೋಗಿ ಹೊಸ ಜಾಗಟೆಯನ್ನು ಬಡಿದ. ಮುಖ ಕಿವಿಚಿದ. "ತಗಡಿನ ತಟ್ಟೆ ಬಡಿದ ಹಾಗಿದೆ. ಇದಕ್ಕೆ ಶ್ರುತಿ ಜ್ಞಾನವೇ ಇಲ್ಲ. ವಾಪಸ್ ಕೊಟ್ಬಿಡು."

ಮರ್ಸಿನಿಯ ತಾಳ್ಮೆ ಅಲ್ಲಿಗೆ ಮುಗಿಯಿತು.

"ಏನ್ರೀ, ನಾನೇನು ಜಾಗಟೆನಾ? ನಿಮ್ಮ ಮಗಳು ಜಾಗಟೆನಾ? ಕಂಚಿನ ಮಾತು ಕೇಳೋಕೆ ನಿಮಗೆ ಬೆರಳು ಸಾಕು, ಅದರ ನಡುಕ ಮುಟ್ಟಿಯೇ ಹೇಳ್ತೀರಿ. ನಮ್ಮ ಮಾತನ್ನ ಎಲ್ಲಿ ಮುಟ್ಟಿ ನೋಡ್ತೀರಿ?"

ಸುಕಿರ್ ಕೈಯೆತ್ತಿ ತಡೆದ. "ಮೆಲ್ಲಗೆ ಮಾತಾಡೇ. ಕೇಳಿಸ್ತಾ ಇದೆ."

ಮರ್ಸಿನಿ ಇದ್ದಿಲಿನ ಚೀಲದ ಮೇಲೆ ಹಾಗೇ ಕೂತುಬಿಟ್ಟಳು.

ಸಂಜೆ ತಿತಿಕ್ ಬಿಡಿಸಿ ಹೇಳಿದಳು: "ಇದನ್ನ ಜನರ ಮಾತಿಗೆ ಹೊಂದಿಸಿದ್ದಾರೆ, ಅಣ್ಣಾ. ಕುಲುಮೇಲಿ ತೆಗೆದಿಡಿ. ಅಲ್ಲಿ ಸದ್ದು ತಡೆಯೋ ಬಿರಡೆ ಹಾಕ್ಕೊಳ್ಳಿ, ಉಳಿದಷ್ಟು ಕಿವಿಯಾದ್ರೂ ಉಳೀಲಿ. ಮನೇಲಿ ದಿನಾ ಹಾಕಿ. ಒಗ್ಗೋಕೆ ಸ್ವಲ್ಪ ದಿನ ಬೇಕು. ಕಿರಿಕಿರಿ ಆದ್ರೆ ಅಂಗಡಿಯವರೇ ಸರಿ ಮಾಡಿಕೊಡ್ತಾರೆ."

ಭಾನುವಾರ ಬೀಗರ ಮನೆ. ಮಾಂಸದ ಪಲ್ಯ ಬಡಿಸುತ್ತಾ ಹಿರಿಯರು ಅದೇ ಮೆಲುದನಿಯಲ್ಲಿ ಕೇಳಿದರು: "ಹಾಗಾದ್ರೆ ಸುರೊ ತಿಂಗಳೇ ಗಟ್ಟಿ ತಾನೇ?"

ಲಾರಸ್ ಅಪ್ಪನ ತಲೆಯನ್ನೇ ನೋಡುತ್ತಿದ್ದಳು. ಅದು ಅಭ್ಯಾಸಬಲದಿಂದ ಇನ್ನೇನು ಆಡುವುದರಲ್ಲಿತ್ತು, ನಡುವೆಯೇ ನಿಂತಿತು.

"ಇಲ್ಲ," ಎಂದ ಸುಕಿರ್. ಆಮೇಲೆ ಕಿವಿ ಮುಟ್ಟಿ ತೋರಿಸಿದ. "ಆವತ್ತು ನಿಮ್ಮ ಮಾತು ನಂಗೆ ಕೇಳಿಸಿರಲಿಲ್ಲ. ಸುಮ್ಮನೆ ತಲೆ ಆಡಿಸಿದೆ. ತಪ್ಪು ನಂದು. ಸುರೊದಲ್ಲಿ ನಮ್ಮವರು ಮದುವೆ ಮಾಡಲ್ಲ."

"ಅಯ್ಯೋ, ಅಷ್ಟೇನಾ? ಆವತ್ತೇ ಹೇಳಬಾರದಿತ್ತೇ!" ಹಿರಿಯರು ಇನ್ನೊಂದು ಸೌಟು ಬಡಿಸಿದರು. "ಹುಡುಗ ಅದರ ಮುಂದಿನ ತಿಂಗಳಿಗೆ ರಜೆ ಕೇಳಲಿ ಬಿಡಿ."

ಹಿಂದಿರುಗುವಾಗ ಬಸ್ಸಿನಲ್ಲಿ ಮರ್ಸಿನಿ ಕಿಟಕಿಯ ಕಡೆ ಮುಖ ಮಾಡಿ, ಪರೀಕ್ಷೆಗೆಂದು, ಮೆತ್ತಗೆ ಅಂದಳು: "ಇಷ್ಟು ದಿನ ಗಂಟಲು ಹರ್ಕೊಂಡೆನಲ್ಲ, ಮುದುಕಪ್ಪ."

"ಮುದುಕ ಯಾರೇ?" ಎಂದ ಸುಕಿರ್. "ನಾಳೆ ಹೋಗಿ ಮೊದಲ ಕಂತು ಕಟ್ಟಿ ಬಾ."

ನಿಮ್ಮ ಮನೆಯಲ್ಲೂ ಎಲ್ಲದಕ್ಕೂ ನಕ್ಕು ತಲೆಯಾಡಿಸುವವರು ಇದ್ದಾರೆಯೇ? ರೇಗಬೇಡಿ, ರೇಗಿದರೂ ಪರವಾಗಿಲ್ಲ, ಆಮೇಲಾದರೂ ಕಿವಿ ಪರೀಕ್ಷೆಗೆ ಕರೆದೊಯ್ಯಿರಿ. ಫೋನಿನಲ್ಲಿ ಕಂಡದ್ದನ್ನೆಲ್ಲ ತರಿಸಬೇಡಿ. ದುಡ್ಡು ಕೊಡುವ ಮುನ್ನ ಬಾಯಿಬಿಟ್ಟು ಕೇಳಿ: ಮನೆಗೊಯ್ದು ಹಾಕಿ ನೋಡಬಹುದೇ? ಹಿಡಿಸದಿದ್ದರೆ ಹಣ ಹಿಂದಿರುಗುತ್ತದೆಯೇ? ಮತ್ತೆ ಮತ್ತೆ ಹೊಂದಿಸಿ ಕೊಡುತ್ತೀರಾ? ಕಂತಿನಲ್ಲಿ ಕಟ್ಟಿದರೆ ಒಟ್ಟು ಎಷ್ಟಾಗುತ್ತದೆ? ಸರ್ಕಾರದ ನೆರವು ಸಿಗುವುದೋ ಎಂದು ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಉತ್ತರ ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಿ. ಸುಕಿರನ ಹಾಗೆ ಸುಮ್ಮನೆ ತಲೆಯಾಡಿಸಿ ಮಾತ್ರ ಬರಬೇಡಿ.