ಸೀರೆಯುಟ್ಟ ಮಾಸ್ತಿಗಲ್ಲು

ಮಸ್ಕಿ ಗುಡ್ಡದ ಹಿಂದೆ, ಕಳ್ಳಿಬೇಲಿಯ ಮರೆಯಲ್ಲಿ ಗಂಡನ ಚಿತೆಯೇರಿದ ಹೆಣ್ಣಿನ ನೆನಪಿಗೆ ನಿಲ್ಲಿಸಿದ ಒಂದು ಮಾಸ್ತಿಗಲ್ಲಿತ್ತು. ಅದರಲ್ಲಿ ಕೆತ್ತಿದ ಅವ್ವನಿಗೆ ಸೀರೆ ಉಡಿಸುವುದು ಗುರುಲಿಂಗಮ್ಮನ ಮನೆತನದ ಹಕ್ಕು. ಜರ್ಮನಿಯಿಂದ ದೊರೆಯೊಬ್ಬ ಅವ್ವನ ಫೋಟೋ ತೆಗೆಯಲು ಬರುತ್ತಾನೆಂದು ಕೇಳಿ ಆಕೆಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇಳಕಲ್ ಸೀರೆ ಉಡಿಸಿ, ಮೇಣ ಹಚ್ಚಿ ನತ್ತು ಅಂಟಿಸಿ ಕಾದಳು.

ದೊರೆ ಬಂದವನೇ ತನ್ನ ದೇಶದ ಪಟ್ಟಣಗಳ ಸಂದಿಗೊಂದಿಗಳಲ್ಲಿ ತಾನು ಹುಡುಕಿದ ಹಳೆಯ ಕಲ್ಲುಗಳ ಫೋಟೋ ತೋರಿಸಿದ. ಒಂದರಲ್ಲಿ ಕಲ್ಲಿನ ಹೆಣ್ಣೊಬ್ಬಳು ಬರೀ ಮೈಯಲ್ಲಿ ನಿಂತಿದ್ದಳು.

"ಅಯ್ಯ ನಮ್ಮವ್ವ! ಅಷ್ಟು ದೊಡ್ಡ ಊರಾಗ ಈಕಿಗೊಂದು ಸೀರಿ ಸಿಗಲಿಲ್ಲೇನು?" ಎಂದಳು ಗುರುಲಿಂಗಮ್ಮ.

ದೊರೆಯನ್ನು ಕರೆತಂದವನು ಆಕೆಯ ತಮ್ಮನ ಮಗ ಹಂಪಣ್ಣ, ಲಿಂಗಸುಗೂರು ಕಚೇರಿಯ ಗುಮಾಸ್ತ. ಅವನು ತಲೆ ಕೆರೆದುಕೊಂಡ. "ಅತ್ತಿ, ದೊರಿಗೆ ಕೆತ್ತಿದ್ದು ಕಾಣಬೇಕಂತ. ಸೀರಿ ತಗೀಬೇಕಂತ."

"ಗಂಡಸರ ಮುಂದ? ಫೋಟೋನೂ ಬ್ಯಾಡ, ಏನೂ ಬ್ಯಾಡ. ನಡೀರಿ!"

ಅಷ್ಟರಲ್ಲಿ ದೊರೆ ಕಲ್ಲಿನ ಮುಂದೆ ನಿಲ್ಲಿಸಿದ ಕ್ಯಾಮೆರಾದ ಗಾಜಿನಲ್ಲಿ ನೋಡಲು ಅದರ ಕರಿಬಟ್ಟೆಯನ್ನು ತಲೆಯ ಮೇಲೆಳೆದುಕೊಂಡು ಒಳಗೆ ಮುಳುಗಿದ. ಗುರುಲಿಂಗಮ್ಮ ಬಾಯಿಗೆ ಸೆರಗು ಹಚ್ಚಿದಳು.

"ನೋಡಲೇ ಹಂಪಣ್ಣ, ಹೇಳೋದ್ರಾಗನ ಮುಸುಕು ಹಾಕ್ಕೊಂಡಾನ! ಎಂಥ ಮರ್ಯಾದಸ್ಥ! ನೀನೂ ಹಾಕ್ಕೋ."

ಹಂಪಣ್ಣ ರುಮಾಲು ಬಿಚ್ಚಿ ಮುಖ ಮುಚ್ಚಿಕೊಂಡು ಗುಡ್ಡದ ಕಡೆ ತಿರುಗಿದ. ಆಕೆ ನಗುತ್ತ ಸೀರೆ ಬಿಚ್ಚಿದಳು.

ದೊರೆ ಬಟ್ಟೆಯಿಂದ ಹೊರಗೆ ತಲೆ ಹಾಕಿದ.

"ಒಳಗ ಹೋಗ್ರೀ!" ಎಂದು ಗುರುಲಿಂಗಮ್ಮ ಚೀರಿದಳು.

ಅವನಿಗೆ ಮಾತು ತಿಳಿಯಲಿಲ್ಲ, ದನಿ ತಿಳಿಯಿತು. ಮತ್ತೆ ಮುಸುಕಿನೊಳಗೆ ನುಗ್ಗಿ, ಕೈಯೊಂದನ್ನೇ ಹೊರಗೆ ಚಾಚಿ, ಕ್ಯಾಮೆರಾದ ಮುಚ್ಚಳಕ್ಕಾಗಿ ತಡಕಾಡಿ ತಡಕಾಡಿ ಅವ್ವನ ಫೋಟೋ ತೆಗೆದ.