ಹೊಳೆದಂಡೆಯ ಅಗಸಗಿತ್ತಿ

ಡಬ್ಲಿನ್ನಿನ ಹಳೇ ಫ್ಲ್ಯಾಟುಗಳ ಅಂಗಳದಲ್ಲಿ ಸಿನಿಮಾ ಶೂಟಿಂಗ್. ನಿರ್ದೇಶಕ ಫಿಯಾಕ್ರ, ಮೂರನೇ ಮಹಡಿಯ ಡಿಂಪ್ನಾಳಿಗೂ ಒಂದು ಪಾತ್ರ ಕೊಟ್ಟಿದ್ದ.

"ನಮ್ಮ ಪುರಾಣದಲ್ಲಿ ಹೊಳೆದಂಡೇಲಿ ಒಬ್ಬಳು ಬಟ್ಟೆ ಒಗೀತಿರ್ತಾಳಲ್ಲ, ಅವಳೇ ನೀವು. ವೀರ ಬಂದು ನೋಡಿದ್ರೆ ಅದು ರಕ್ತ ಮೆತ್ತಿದ ಅವನದೇ ಅಂಗಿ. ಅದನ್ನ ಕಂಡೋನಿಗೆ ಸಾವು ಖಚಿತ, ಅಲ್ಲಿಗೆ ಅವನ ಕಥೆ ಮುಗೀತು. ಇಲ್ಲಿ ವೀರ ಅಂದ್ರೆ ಪುಡಿರೌಡಿ, ಹೊಳೆ ಅಂದ್ರೆ ಈ ಪ್ಲಾಸ್ಟಿಕ್ ಟಬ್ಬು. ಅವನು ಬಂದಾಗ ಅಂಗಿ ಎತ್ತಿ ತೋರಿಸಿ, ಸಾಕು."

ಬಣ್ಣದ ರಕ್ತ ಮೆತ್ತಿದ ಬಿಳಿ ಅಂಗಿ ಡಿಂಪ್ನಾಳ ಕೈಗೆ ಬಂತು. ಬೀದಿಜಗಳ ಮಾಡಿ ರಕ್ತ ಮೆತ್ತಿಕೊಂಡು ಬರುತ್ತಿದ್ದ ನಾಲ್ಕು ಗಂಡುಮಕ್ಕಳನ್ನು ಸಾಕಿದ ಕೈ ಅದು. ಕಲೆ ಕಂಡರೆ ಸುಮ್ಮನಿರುವುದು ಅದರ ಜಾಯಮಾನದಲ್ಲೇ ಇರಲಿಲ್ಲ. ರೌಡಿ ವೇಷದ ನಟ ಮೆಟ್ಟಿಲಿಳಿದು ಬರುವಷ್ಟರಲ್ಲಿ ಅಂಗಿ ಹಾಲಿನಂತೆ ಬೆಳ್ಳಗಾಗಿತ್ತು.

ಮೂರನೇ ಅಂಗಿಗೂ ಅದೇ ಗತಿಯಾದಾಗ ಫಿಯಾಕ್ರ ತಲೆ ಚಚ್ಚಿಕೊಂಡ. "ಕಲೆ ತೆಗೀಬೇಡಿ ಅಂತ ಎಷ್ಟು ಸಲ ಬಡ್ಕೊಳ್ಳೋದು!"

"ನಿನ್ನ ಪುರಾಣದೋಳಿಗೆ ಒಗೆಯೋಕೇ ಬರ್ತಿರ್ಲಿಲ್ಲ ಕಣೋ," ಡಿಂಪ್ನಾ ರೇಗಿದಳು. "ತಣ್ಣೀರು, ಒಂದು ಹಿಡಿ ಉಪ್ಪು. ಅಷ್ಟು ಗೊತ್ತಿದ್ದಿದ್ರೆ ಆ ವೀರ ಉಳ್ಕೊಳ್ತಿದ್ದ."

ಒದ್ದೆ ಅಂಗಿಯನ್ನು ಪಟ್ಟನೆ ಒದರಿ ರೌಡಿಯ ಹೆಗಲಿಗೆಸೆದಳು. "ತಗೋ ಮಗಾ, ಒಣಗಿಸಿ ಹಾಕ್ಕೊಂಡು ಮನೆಗೆ ನಡಿ. ನೀನು ಸಾಯಲ್ಲ."