ಮೋತ್ಯಾನನ್ನು ಬಸ್ಸು ಹತ್ತಿಸಿದ ದಿನ

ಮಗಳ ಮನೆಗೆ ಹೋಗಲೇಬೇಕು. ಮೋತ್ಯಾನನ್ನು ಏನು ಮಾಡುವುದು? ಸುರೇಬಾನದ ಕೆಂಚವ್ವನಿಗೆ ಇದೇ ಚಿಂತೆ. ಸವದತ್ತಿಯಲ್ಲಿದ್ದ ಮಗಳು ನಾಗರತ್ನಾ ತುಂಬು ಬಸುರಿ. ಪ್ರಯಾಣ ಬೇಡ ಎಂದು ಡಾಕ್ಟರು ಹೇಳಿದ್ದರಿಂದ ಹೆರಿಗೆಗೆ ತವರಿಗೆ ಬಂದಿರಲಿಲ್ಲ. ತಾಯಿಯೇ ಹೋಗಬೇಕಿತ್ತು. ಆದರೆ ನಾಯಿ ಮೋತ್ಯಾ ಕೆಂಚವ್ವ ಮಾಡಿದ ರೊಟ್ಟಿ ಬಿಟ್ಟು ಬೇರೆ ಯಾರದನ್ನೂ ಮೂಸಿ ನೋಡುತ್ತಿರಲಿಲ್ಲ.

"ಜೋಡೀಲೆ ಕರಕೊಂಡು ಹೋದ್ರಾತು. ನಾಯಿ ಏನ್ ಬಸ್ಸಿಗೆ ಭಾರ ಆಕ್ಕೈತೇನು?" ಎಂದ ಗಂಡ ಮಡಿವಾಳೆಪ್ಪ.

ಮೋತ್ಯಾನ ಕೊರಳು ಎಂದೂ ಹಗ್ಗ ಕಂಡಿರಲಿಲ್ಲ. ಅಂದು ದನದ ಹಗ್ಗ ಕಟ್ಟಿ, ಎಳೆದು, ಹಿಂದಿನಿಂದ ನೂಕಿ ರಾಮದುರ್ಗದ ಬಸ್ಸು ಹತ್ತಿಸಿದರು. ಕಂಡಕ್ಟರನನ್ನು ಒಂದು ಮಾತು ಕೇಳಲಿಲ್ಲ. ಬಸ್ಸು ಕಿಕ್ಕಿರಿದಿತ್ತು. ಹಗ್ಗವನ್ನು ಸೀಟಿನ ಕಾಲಿಗೆ ಬಿಗಿದು ಮೋತ್ಯಾನನ್ನು ಕೆಳಗೆ ತಳ್ಳಿದರು. ಹಾರ್ನ್ ಹೊಡೆದಾಗಲೆಲ್ಲ ಅದು ಬೆಚ್ಚಿಬೀಳುತ್ತಿತ್ತು.

ದಾರಿಯಲ್ಲಿ ಶಂಕ್ರೆಪ್ಪ ಎಂಬ ರೈತ ಹತ್ತಿದ. ಬ್ರೇಕ್ ಬಿದ್ದಾಗ ಜೋಲಿ ತಪ್ಪಿ ಮೋತ್ಯಾನ ಬಾಲ ತುಳಿದ. ಮರುಗಳಿಗೆಯಲ್ಲೇ ಅದು ಅವನ ಮೀನಖಂಡಕ್ಕೆ ಬಾಯಿ ಹಾಕಿತು.

"ಖಾರಪುಡಿ ಹಚ್ಚರಿ!"

"ಸುಣ್ಣ ಹಚ್ಚರಿ, ಸುಣ್ಣ!"

"ಮೊದಲ ಆ ನಾಯೀನ್ನ ಹೊರಗ ಒಗೀರಿ!"

ಯಾರ ಮಾತು ಕೇಳಬೇಕೋ ಕೆಂಚವ್ವನಿಗೆ ತಿಳಿಯಲಿಲ್ಲ. ಮಡಿವಾಳೆಪ್ಪ ಬಗ್ಗಿ ಹಗ್ಗ ಬಿಚ್ಚತೊಡಗಿದ್ದ. "ಇಲ್ಲೇ ಇಳಿಸಿ ಬಿಟ್ಟುಬಿಡೂಣು. ಯಾರ ನಾಯಿ ಅಂತ ಯಾರಿಗೆ ಗೊತ್ತು?" ಎಂದು ಹೆಂಡತಿಯ ಕಿವಿಯಲ್ಲಿ ಅಂದ.

"ಬಿಡಬ್ಯಾಡ್ರಿ ಅಣ್ಣಾರ!" ಮುಂದಿನ ಸೀಟಿನಿಂದ ಒಬ್ಬಳು ಎದ್ದಳು. ಅವರ ಊರಿನ ನರ್ಸ್ ಗುರುಬಸವ್ವ. "ನಾಯಿ ಕಳದ್ರ ಅದಕ್ಕ ರೋಗ ಐತೋ ಇಲ್ಲೋ ಹೆಂಗ ಗೊತ್ತಾಗಬೇಕು? ಗಟ್ಟಿ ಹಿಡಕೋರಿ. ಡ್ರೈವರಣ್ಣಾ, ಆ ಪಂಪಸೆಟ್ ಹತ್ರ ನಿಲ್ಲಸ್ರಿ."

ಕೆಂಚವ್ವ ಮಗಳಿಗೆಂದು ತಂದಿದ್ದ ಹೊಸ ಸಾಬೂನು ಬಿಚ್ಚಿ ಕೊಟ್ಟಳು. ಹರಿಯುವ ನೀರಿನ ಕೆಳಗೆ ಗಾಯವನ್ನು ಗುರುಬಸವ್ವ ಕಾಲು ತಾಸು ತೊಳೆಸಿದಳು. ಖಾರ, ಸುಣ್ಣ ಏನನ್ನೂ ಹಚ್ಚಗೊಡಲಿಲ್ಲ. ಗಾಯಕ್ಕೆ ಬಿಗಿಯಾಗಿ ಬಟ್ಟೆಯನ್ನೂ ಕಟ್ಟಗೊಡಲಿಲ್ಲ.

"ನಾಯಿಗೆ ಹುಚ್ಚಿನ ಸೂಜಿ ಹಾಕ್ಸೀರೇನ್ರಿ?" ಎಂದು ಕೇಳಿದಳು.

"ಮನಿ ನಾಯಿಗೆ ಯಾಕ್ರೀ ಸೂಜಿ? ಹುಚ್ಚ ಹಿಡಿಯೂದು ಬೀದಿ ನಾಯಿಗೆ," ಎಂದ ಮಡಿವಾಳೆಪ್ಪ.

"ಬೀದಿ ನಾಯಿ ಜೋಡಿ ನಿಮ್ಮ ನಾಯಿ ಕಚ್ಚ್ಯಾಡೂದಿಲ್ಲೇನು?"

ಕೆಂಚವ್ವನ ಕಣ್ಣು ಮೋತ್ಯಾನ ಕಿವಿಯ ಮೇಲೆ ಬಿತ್ತು. ಯಾವುದೋ ನಾಯಿ ಹರಿದ ಗಾಯ ಇನ್ನೂ ಪೂರ್ತಿ ಮಾಗಿರಲಿಲ್ಲ. ದಿನವೂ ತಲೆ ಸವರಿದ ನಾಯಿ. ಈಗ ಅದರ ಹತ್ತಿರ ಕೈ ಒಯ್ಯಲು ಅಂಜಿಕೆಯಾಯಿತು.

ಶಂಕ್ರೆಪ್ಪ ದವಾಖಾನೆಗೆ ಒಲ್ಲೆ ಎಂದು ಹಟ ಹಿಡಿದ. "ಹೊಟ್ಟಿಗೆ ಹದಿನಾಲ್ಕು ಸೂಜಿ ಚುಚ್ಚತಾರ. ನಮ್ಮ ಕಾಕಾ ಒದ್ದಾಡಿದ್ದು ನೋಡೇನಿ."

"ಆ ಕಾಲ ಹೋತ್ರಿ. ಈಗ ತೋಳಿಗೆ ಹಾಕತಾರ," ಎಂದಳು ಗುರುಬಸವ್ವ. "ಆದ್ರ ರೋಗ ಕಾಣಿಸಿಕೊಂಡಿತಂದ್ರ ಯಾವ ಡಾಕ್ಟರ್ ಕೈಯಾಗೂ ಏನೂ ಉಳಿಯೂದಿಲ್ಲ."

ಅದೇ ಬಸ್ಸಿನಲ್ಲಿ ರಾಮದುರ್ಗ ಮುಟ್ಟಿದಾಗ ಸವದತ್ತಿ ಬಸ್ಸು ಹೊರಡಲು ನಿಂತಿತ್ತು. ಮಡಿವಾಳೆಪ್ಪ ಕೈಮಾಡಿ ಕರೆದ. ಕೆಂಚವ್ವ ಬಸ್ಸನ್ನು ನೋಡಿದಳು. ಕುಂಟುತ್ತ ಇಳಿದ ಶಂಕ್ರೆಪ್ಪನನ್ನು ನೋಡಿದಳು. ಅತ್ತ ಮಗಳು, ಇತ್ತ ಗುರುತು ಪರಿಚಯವಿಲ್ಲದ ಮನುಷ್ಯ. ಯಾವ ಕಡೆ ಹೋದರೂ ತಪ್ಪು ಎನ್ನಿಸಿತು.

"ನೀವು ಹೋಗ್ರಿ," ಎಂದಳು ಗಂಡನಿಗೆ. "ನಮ್ಮ ನಾಯಿ ಕಚ್ಚೈತಿ. ಇವರನ್ನ ನಡುದಾರ್ಯಾಗ ಬಿಟ್ಟು ನಾ ಹೆಂಗ ಬರ್ಲಿ?"

ಆ ಮಾತು ಕೇಳಿ ಶಂಕ್ರೆಪ್ಪ ಹಟ ಬಿಟ್ಟು ದವಾಖಾನೆಗೆ ನಡೆದ. ಮೊದಲ ಸೂಜಿ ತೋಳಿಗೇ ಹಾಕಿದರು. ಮುಂದಿನವನ್ನು ಯಾವಾಗ ಹಾಕಿಸಿಕೊಳ್ಳಬೇಕು, ತಪ್ಪಿಸಬಾರದು ಎಂದು ಡಾಕ್ಟರು ತಿಳಿಹೇಳಿದರು. ಮೋತ್ಯಾನನ್ನು ಬೇರೆ ಪ್ರಯಾಣಿಕರಿಲ್ಲದ ಟೆಂಪೊದಲ್ಲಿ ಊರಿಗೆ ಸಾಗಿಸಿದರು. ಡಾಕ್ಟರು ಹೇಳಿದಂತೆ ಅದನ್ನು ಹತ್ತು ದಿನ ಕಟ್ಟಿಹಾಕಿ, ಅನ್ನನೀರು ಕೊಟ್ಟು, ರೋಗದ ಗುರುತು ಕಾಣುತ್ತದೋ ಎಂದು ದೂರದಿಂದ ಕಣ್ಣಿಡಬೇಕಿತ್ತು.

ಆ ದಿನಗಳು ಕೆಂಚವ್ವನಿಗೆ ಕಠಿಣವಾದವು. ಮೋತ್ಯಾ ಬೊಗಳಿದರೆ ಭಯ, ಸುಮ್ಮನಿದ್ದರೂ ಭಯ. ರೊಟ್ಟಿ ಬಿಟ್ಟರೆ ಅದು ಸಿಟ್ಟೋ ರೋಗವೋ ತಿಳಿಯದು. ಒಂದು ಮಧ್ಯಾಹ್ನ ಶಂಕ್ರೆಪ್ಪನೇ ಅಂಗಳಕ್ಕೆ ಬಂದು ನಿಂತ. ಬೈಯಲು ಬಂದನೇ ಎಂದು ಕೆಂಚವ್ವ ಗಾಬರಿಯಾದಳು.

"ನೀರು ಕುಡೀತೈತೇನವ್ವಾ?"

"ಕುಡೀತೈತ್ರಿ."

"ನಾನೂ ಸೂಜಿ ತಪ್ಪಿಸಿಲ್ಲ," ಎಂದು ಕಟ್ಟೆಯ ಮೇಲೆ ಕುಂತ. ಇಬ್ಬರೂ ನಾಯಿಯನ್ನು ನೋಡುತ್ತ ಚಹಾ ಕುಡಿದರು.

ಅವನು ಕುಳಿತಿದ್ದಾಗಲೇ ಪಕ್ಕದ ಮನೆಯ ಬಾಯವ್ವ ಓಡಿಬಂದಳು. "ಕೆಂಚಕ್ಕಾ, ಫೋನ್ ಬಂದಿತ್ತು. ನಾಗರತ್ನಾಗ ಹೆಣ್ಣ ಕೂಸು. ಇಬ್ಬರೂ ಅರಾಮ ಅದಾರ!"

ಕೆಂಚವ್ವ ನಕ್ಕಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಗಳ ತಲೆಯ ಮೇಲೆ ಕೈ ಇಟ್ಟು ಕೂರಬೇಕಿದ್ದವಳು ನಾಯಿ ಕಾಯುತ್ತ ಕೂತಿದ್ದಳು.

"ನೀ ರೊಟ್ಟಿ ಮಾಡಿ ಕೊಟ್ಟು ಹೋಗಿದ್ರ, ಮೋತ್ಯಾಗ ನಾ ಹಾಕತಿದ್ದಿಲ್ಲೇನು? ಒಂದ್ ಮಾತ್ ಕೇಳಬಾರದಿತ್ತೇನು?" ಎಂದಳು ಬಾಯವ್ವ.

ಹತ್ತು ದಿನ ಕಳೆದವು. ಮೋತ್ಯಾ ಆರೋಗ್ಯವಾಗಿತ್ತು. ಸವದತ್ತಿಯಿಂದ ಮರಳಿದ ಮಡಿವಾಳೆಪ್ಪ ತಾನೇ ಅದನ್ನು ಪಶು ಆಸ್ಪತ್ರೆಗೆ ನಡೆಸಿಕೊಂಡು ಹೋಗಿ ಹುಚ್ಚಿನ ಸೂಜಿ ಹಾಕಿಸಿದ. "ವರ್ಷಾ ವರ್ಷಾ ಹಾಕಸ್ತೇನ್ರಿ," ಎಂದು ಡಾಕ್ಟರಿಗೆ ಮಾತು ಕೊಟ್ಟ. ಮರುದಿನ ಕೆಂಚವ್ವ ಒಬ್ಬಳೇ ಬಸ್ಸು ಹತ್ತಿ ಮೊಮ್ಮಗಳನ್ನು ನೋಡಲು ಹೋದಳು.

ನಾಯಿ ಸಾಕಿದ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ನಾಯಿಗೆ ಹುಚ್ಚಿನ ಸೂಜಿ ಹಾಕಿಸಿದ್ದೀರಾ? ಇಲ್ಲವಾದರೆ ಈ ವಾರವೇ ಹಾಕಿಸಿ. ಅದನ್ನು ಬಸ್ಸಿನಲ್ಲಿ ಒಯ್ಯಲೇಬೇಕಾದರೆ ಮೊದಲು ಹಗ್ಗದ ರೂಢಿ ಮಾಡಿಸಿ, ಕಂಡಕ್ಟರನನ್ನು ಕೇಳಿ, ಕಚ್ಚದಂತೆ ಬಾಯಿಗೆ ಜಾಳಿಗೆ ಹಾಕಿ, ಜನ ಕಡಿಮೆ ಇರುವ ಬಸ್ಸು ಹಿಡಿಯಿರಿ. ಹಗ್ಗ ನಿಮ್ಮ ಕೈಯಲ್ಲೇ ಇರಲಿ. ಯಾರಿಗಾದರೂ ಕಚ್ಚಿದರೆ ಗಾಯವನ್ನು ಸಾಬೂನು ನೀರಿನಿಂದ ಚೆನ್ನಾಗಿ ತೊಳೆದು, ತಡಮಾಡದೆ ದವಾಖಾನೆಗೆ ಕರೆದೊಯ್ಯಿರಿ. ನಾಯಿಯನ್ನು ಬಿಟ್ಟು ಓಡಬೇಡಿ. ಕಚ್ಚಿಸಿಕೊಂಡವರ ಜೊತೆ ನಿಲ್ಲಿರಿ.